ಹೊಸ ಡಿಸ್ಕ್ ಕೊಳ್ಳುವ ಮೊದಲು ಕಮಾಂಡ್ ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಕಾಲೇಜುಗಳು ಹೊಸ ವರ್ಷಕ್ಕೆ ತಯಾರಾಗುವ ಹೊತ್ತು ಬಂತೆಂದರೆ ಕಂಪ್ಯೂಟರ್ ಲ್ಯಾಬ್‌ಗಳಿಗೆ ಏನೇನು ಬೇಕು ಎಂಬ ಪಟ್ಟಿ ಓಡಾಡಲು ಶುರುವಾಗುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಲ್ಯಾಬ್ ನೋಡಿಕೊಳ್ಳುವವರು ನನಗೆ ಹೇಳುವ ಮಾತು ಒಂದೇ. "ಡಿಸ್ಕ್ ಫುಲ್ ಆಗಿದೆ ಸರ್, ಎಲ್ಲಾ ಸಿಸ್ಟಮ್‌ಗೂ ಹೊಸ ಎಸ್‌ಎಸ್‌ಡಿ ಹಾಕಿಸಬೇಕು." ನಾನು ಈ ಊರಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವನು. ಡಿಸ್ಕ್ ಮಾರಿದರೆ ಲಾಭ ನನಗೇ. ಆದರೂ ಈ ಪತ್ರ ಬರೆಯುತ್ತಿದ್ದೇನೆ, ಯಾಕೆಂದರೆ ನಾನು ನೋಡಿದ ಬಹುಪಾಲು ಲ್ಯಾಬ್‌ಗಳಿಗೆ ಹೊಸ ಡಿಸ್ಕ್ ಬೇಕಾಗಿಲ್ಲ. ಇರುವ ಡಿಸ್ಕನ್ನು ಹೇಗೆ ಬಳಸಬೇಕೆಂದು ಮಕ್ಕಳಿಗೂ ಹೇಳಿಕೊಟ್ಟಿಲ್ಲ, ಲ್ಯಾಬ್ ಸಿಬ್ಬಂದಿಗೂ ಹೇಳಿಕೊಟ್ಟಿಲ್ಲ.

ಈ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಇವತ್ತು ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿಗೆ ವರ್ಚುವಲ್ ಮಷಿನ್ (ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಇಲ್ಲದೆ ಲ್ಯಾಬ್ ನಡೆಯುವುದು ಕಡಿಮೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ ಇರುತ್ತದೆ, ಅದರಲ್ಲಿ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಓಡಿಸುತ್ತಾರೆ. ಆ ಒಳಗಿನ ಕಂಪ್ಯೂಟರ್‌ಗೂ ಒಂದು ಹಾರ್ಡ್ ಡಿಸ್ಕ್ ಬೇಕಲ್ವಾ? ಅದು ಹೊರಗಿನ ಕಂಪ್ಯೂಟರ್‌ನಲ್ಲಿ ಕೂತಿರುವ ಒಂದು ದೊಡ್ಡ ಫೈಲ್, ಅಷ್ಟೇ. ಅದಕ್ಕೆ ಡಿಸ್ಕ್ ಇಮೇಜ್ ಅನ್ನುತ್ತಾರೆ. ವರ್ಚುವಲ್‌ಬಾಕ್ಸ್‌ನಲ್ಲಿ ಅದು ವಿಡಿಐ ಫೈಲ್, ವಿಎಂವೇರ್‌ನಲ್ಲಿ ವಿಎಂಡಿಕೆ, ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ವಿಎಚ್‌ಡಿ ಇಲ್ಲವೇ ವಿಎಚ್‌ಡಿಎಕ್ಸ್, ಲಿನಕ್ಸ್‌ನ ಕ್ಯೂಎಮು ಮತ್ತು ಕೆವಿಎಂ ಜೋಡಿಯಲ್ಲಿ ಕ್ಯೂಕೌ2. ಇಡೀ ಉಬುಂಟು, ಹುಡುಗ ಬರೆದ ಪ್ರೋಗ್ರಾಂ, ಡೇಟಾಬೇಸ್, ಕೊನೆಯ ವರ್ಷದ ಪ್ರಾಜೆಕ್ಟ್ ಎಲ್ಲವೂ ಆ ಒಂದೇ ಫೈಲಿನಲ್ಲಿ.

ಲ್ಯಾಬ್‌ನಲ್ಲಿ ಹೇಳಿಕೊಡುವುದು 'ನ್ಯೂ' ಒತ್ತಿ, ಹೆಸರು ಕೊಡಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ, 25 ಜಿಬಿ ಡಿಸ್ಕ್ ಮಾಡಿ, ಇನ್‌ಸ್ಟಾಲ್ ಮಾಡಿ ಎಂಬಷ್ಟನ್ನು ಮಾತ್ರ. ಆ ಫೈಲ್ ಎಲ್ಲಿ ಕೂತಿದೆ, ಎಷ್ಟು ಜಾಗ ತಿಂದಿದೆ, ಅದನ್ನು ಹೇಗೆ ಕುಗ್ಗಿಸುವುದು, ಇನ್ನೊಂದು ಕಂಪ್ಯೂಟರ್‌ಗೆ ಹೇಗೆ ಒಯ್ಯುವುದು, ಇದು ಯಾರಿಗೂ ಗೊತ್ತಿರುವುದಿಲ್ಲ. ಬೆಳಗಿನ ಬ್ಯಾಚಿನವನು ಒಂದು ಮಷಿನ್ ಮಾಡುತ್ತಾನೆ, ಮಧ್ಯಾಹ್ನದವಳು ಇನ್ನೊಂದು ಮಾಡುತ್ತಾಳೆ, ಮಾರನೇ ದಿನದ ಬ್ಯಾಚು ಮತ್ತೊಂದು. ವರ್ಷದ ಕೊನೆಗೆ 256 ಜಿಬಿಯ ಡಿಸ್ಕ್ ತುಂಬಿ ಕೆಂಪಗಾಗುತ್ತದೆ. ಆಮೇಲೆ ಯಾರೋ ಬಂದು ಯಾರದ್ದೋ ಫೈಲ್ ಅಳಿಸುತ್ತಾರೆ, ವೈವಾ ಹತ್ತಿರ ಇರುವಾಗ ಒಂದು ಹುಡುಗಿಯ ಪ್ರಾಜೆಕ್ಟ್ ಪೂರ್ತಿ ಹೋಗುತ್ತದೆ. ಇಂಥ ಮಕ್ಕಳು ಅಳುತ್ತಾ ನನ್ನ ಅಂಗಡಿಗೆ ಬಂದಿದ್ದಾರೆ. ಯಾವ ಕಾಲೇಜು ಅಂತ ಹೇಳುವುದು ಬೇಡ, ಒಂದೇ ಕಾಲೇಜಿನ ಕಥೆಯೂ ಅಲ್ಲ ಇದು.

ಮೊದಲು ಜಾಗದ ವಿಷಯ. ವರ್ಚುವಲ್‌ಬಾಕ್ಸ್‌ನಲ್ಲಾಗಲಿ ಕ್ಯೂಕೌ2ನಲ್ಲಾಗಲಿ 25 ಜಿಬಿ ಡಿಸ್ಕ್ ಮಾಡಿದರೆ ಅದು ಮೊದಲ ದಿನವೇ 25 ಜಿಬಿ ತಿನ್ನುವುದಿಲ್ಲ. ಒಳಗೆ ಬರೆದಂತೆಲ್ಲ ಹೊರಗಿನ ಫೈಲ್ ಬೆಳೆಯುತ್ತದೆ. ಆದರೆ ಒಳಗೆ ಅಳಿಸಿದರೆ ಹೊರಗಿನ ಫೈಲ್ ತಾನಾಗಿ ಕುಗ್ಗುವುದಿಲ್ಲ, ಇದನ್ನೇ ಯಾರೂ ಹೇಳಿಕೊಡುವುದಿಲ್ಲ. ಉಬುಂಟುವಿನೊಳಗೆ 8 ಜಿಬಿಯ ಫೈಲ್ ಅಳಿಸಿದರೆ ಅದರ ಫೈಲ್ ಸಿಸ್ಟಮ್ 'ಈ ಜಾಗ ಖಾಲಿ' ಎಂದು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ, ಡೇಟಾ ಇದ್ದಲ್ಲೇ ಇರುತ್ತದೆ. ಹೊರಗಿನ ಇಮೇಜ್ ಫೈಲ್‌ಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಮಕ್ಕಳು ಒಳಗೆ ಎಷ್ಟು ಅಳಿಸಿದರೂ ಹೊರಗೆ ಜಾಗ ಬರದೆ ಇರುವುದು ಇದಕ್ಕೇ. ಆಗ 'ಡಿಸ್ಕ್ ಸಣ್ಣದು' ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಇದಕ್ಕೆ ಪರಿಹಾರ ಬಹಳ ಹಿಂದಿನಿಂದಲೂ ಇದೆ, ದುಡ್ಡೂ ಬೇಡ. ವರ್ಚುವಲ್‌ಬಾಕ್ಸ್ ಜೊತೆಗೇ ವಿಬಾಕ್ಸ್‌ಮ್ಯಾನೇಜ್ ಎಂಬ ಕಮಾಂಡ್, ಅಂದರೆ ಮೌಸ್ ಬದಲು ಟೈಪ್ ಮಾಡಿ ಕೊಡುವ ಆಜ್ಞೆ, ಬರುತ್ತದೆ. ಮೊದಲು ಉಬುಂಟುವಿನ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಿಸಬೇಕು. ಅದಕ್ಕೆ ಝೀರೋಫ್ರೀ ಎಂಬ ಸಣ್ಣ ಪ್ರೋಗ್ರಾಂ ಇದೆ, ಫೈಲ್ ಸಿಸ್ಟಮ್ ರೀಡ್-ಓನ್ಲಿಯಾಗಿ, ಅಂದರೆ ಓದಲು ಮಾತ್ರ ಬರುವಂತೆ, ಮೌಂಟ್ ಆಗಿರುವಾಗ ಓಡಿಸಬೇಕು. ಒಳಗಿರುವುದು ವಿಂಡೋಸ್ ಆದರೆ ಮೈಕ್ರೋಸಾಫ್ಟ್‌ನವರದ್ದೇ ಎಸ್‌ಡಿಲೀಟ್ ಸಿಗುತ್ತದೆ. ಆಮೇಲೆ ಮಷಿನ್ ಪೂರ್ತಿ ಶಟ್‌ಡೌನ್ ಮಾಡಿ, ಹೊರಗೆ ಬಂದು ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ ಕೊಟ್ಟು, ಫೈಲಿನ ಹೆಸರು ಹೇಳಿ, ಕಾಂಪ್ಯಾಕ್ಟ್ ಎಂಬ ಆಯ್ಕೆ ಸೇರಿಸಿದರೆ ಸೊನ್ನೆ ತುಂಬಿದ ಜಾಗವನ್ನೆಲ್ಲ ಅದು ಬಿಟ್ಟುಕೊಡುತ್ತದೆ. ಇದು ವಿಡಿಐ ಫೈಲಿಗೆ ಮಾತ್ರ ಎಂಬುದು ನೆನಪಿರಲಿ. ಎಸ್‌ಡಿಲೀಟ್‌ನಂತೆ ಪೂರ್ತಿ ಖಾಲಿ ಜಾಗಕ್ಕೆ ಸೊನ್ನೆ ಬರೆಯುವ ದಾರಿ ಹಿಡಿದರೆ ಫೈಲ್ ಮೊದಲು ಉಬ್ಬಿ ಆಮೇಲೆ ಇಳಿಯುತ್ತದೆ, ಹಾಗಾಗಿ ಹೊರಗಿನ ಡಿಸ್ಕ್‌ನಲ್ಲಿ ಅಷ್ಟು ಜಾಗ ಇಟ್ಟುಕೊಂಡೇ ಶುರು ಮಾಡಬೇಕು.

ಕ್ಯೂಎಮು ಕಡೆ ಕೆಲಸ ಇನ್ನೂ ಸಲೀಸು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2003ರಲ್ಲಿ ಶುರು ಮಾಡಿದ ಯೋಜನೆ ಇದು. 2007ರಲ್ಲಿ ಲಿನಕ್ಸ್ 2.6.20 ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಪ್ರೊಸೆಸರ್‌ನ ನೆರವಿನಿಂದ ವರ್ಚುವಲ್ ಮಷಿನ್ ಓಡಿಸುವ ಕೆವಿಎಂ ಸೇರಿದ ಮೇಲೆ ಇದಕ್ಕೆ ವೇಗವೂ ಬಂತು. ಇವತ್ತು ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಈ ಜೋಡಿಯ ಮೇಲೆ ನಡೆಯುತ್ತಿವೆ, ಆದರೆ ನಮ್ಮ ಪಾಲಿಟೆಕ್ನಿಕ್‌ನ ಹಳೇ ಕಂಪ್ಯೂಟರ್‌ನಲ್ಲೂ ಅದು ಓಡುತ್ತದೆ, ಲೈಸೆನ್ಸ್ ದುಡ್ಡಿಲ್ಲ. ಅದರ ಜೊತೆ ಬರುವ ಕ್ಯೂಎಮು-ಐಎಂಜಿ ಎಂಬ ಒಂದೇ ಕಮಾಂಡ್ ಈ ಡಿಸ್ಕ್ ಫೈಲುಗಳ ಹೆಚ್ಚುಕಡಿಮೆ ಎಲ್ಲ ಕೆಲಸ ಮಾಡುತ್ತದೆ, ವಿಡಿಐ, ವಿಎಂಡಿಕೆ, ವಿಎಚ್‌ಡಿಎಕ್ಸ್ ಫೈಲುಗಳನ್ನೂ ಓದುತ್ತದೆ. ಕ್ಯೂಎಮು-ಐಎಂಜಿ ಇನ್ಫೋ ಎಂದು ಕೊಟ್ಟು ಫೈಲಿನ ಹೆಸರು ಹಾಕಿದರೆ ಎರಡು ಅಳತೆ ತೋರಿಸುತ್ತದೆ. ಒಂದು ವರ್ಚುವಲ್ ಸೈಜ್, ಅಂದರೆ ಒಳಗಿನ ಉಬುಂಟುವಿಗೆ ಕಾಣುವ ಡಿಸ್ಕ್. ಇನ್ನೊಂದು ಡಿಸ್ಕ್ ಸೈಜ್, ಅಂದರೆ ಹೊರಗೆ ನಿಜವಾಗಿ ತಿಂದಿರುವ ಜಾಗ. ಈ ಎರಡರ ನಡುವಿನ ವ್ಯತ್ಯಾಸ ಹುಡುಗರಿಗೆ ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಅರ್ಧ ಪಾಠ ಮುಗಿದ ಹಾಗೆ.

ಉಬ್ಬಿದ ಫೈಲನ್ನು ಕ್ಯೂಎಮು-ಐಎಂಜಿ ಕನ್ವರ್ಟ್‌ಗೆ ಕೊಟ್ಟು ಹೊಸ ಕ್ಯೂಕೌ2 ಮಾಡಿಸಿದರೆ ಸೊನ್ನೆ ತುಂಬಿದ ಭಾಗಗಳನ್ನು ಅದು ಬಿಟ್ಟೇ ಬರೆಯುತ್ತದೆ. ಇನ್ನೂ ಒಳ್ಳೆಯ ದಾರಿ ಎಂದರೆ ಮಷಿನ್ ಮಾಡುವಾಗಲೇ ಡಿಸ್ಕ್‌ಗೆ ಡಿಸ್ಕಾರ್ಡ್ ಸೌಲಭ್ಯ ಆನ್ ಮಾಡಿಡುವುದು. ಆಗ ಉಬುಂಟುವಿನೊಳಗೆ ಎಫ್‌ಎಸ್‌ಟ್ರಿಮ್ ಎಂಬ ಕಮಾಂಡ್ ಓಡಿಸಿದ ಕೂಡಲೇ ಖಾಲಿಯಾದ ಜಾಗದ ಸುದ್ದಿ ಹೊರಗಿನ ಫೈಲ್‌ಗೂ ಮುಟ್ಟುತ್ತದೆ. ಸೊನ್ನೆ ತುಂಬಿಸುವ ರಗಳೆಯೇ ಇಲ್ಲ.

ಆದರೆ ಲ್ಯಾಬ್‌ಗಳಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗುವುದು ಇನ್ನೊಂದು. ಒಂದು ಕಂಪ್ಯೂಟರ್‌ನಲ್ಲಿ ಆರು ಜನ ಬೇರೆ ಬೇರೆ ಬ್ಯಾಚಿನಲ್ಲಿ ಕೂರುತ್ತಾರೆ ಅಂದುಕೊಳ್ಳಿ. ಆರು ಜನರೂ ಅದೇ ಉಬುಂಟು, ಅದೇ ಜಾವಾ, ಅದೇ ಡೇಟಾಬೇಸ್ ಹಾಕಿಕೊಂಡರೆ ತಲಾ 12 ಜಿಬಿಯಂತೆ 72 ಜಿಬಿ ಹೋಯಿತು. ಆರೂ ಫೈಲುಗಳಲ್ಲಿ ಇರುವುದು ಬಹುಪಾಲು ಒಂದೇ ಸರಕು. ಅದರ ಬದಲು ಮೇಷ್ಟ್ರೇ ಒಂದು ಬೇಸ್ ಇಮೇಜ್ ತಯಾರು ಮಾಡಲಿ, ಬೇಕಾದ ಸಾಫ್ಟ್‌ವೇರ್ ಎಲ್ಲ ಹಾಕಲಿ. ಆಮೇಲೆ ಕ್ಯೂಎಮು-ಐಎಂಜಿ ಕ್ರಿಯೇಟ್ ಕೊಟ್ಟು, ಸಣ್ಣಕ್ಷರದ ಬಿ ಆಯ್ಕೆಯಲ್ಲಿ ಆ ಬೇಸ್ ಫೈಲನ್ನು ತೋರಿಸಿ, ದೊಡ್ಡಕ್ಷರದ ಎಫ್ ಆಯ್ಕೆಯಲ್ಲಿ ಅದರ ಫಾರ್ಮ್ಯಾಟ್ ಹೇಳಿ, ಪ್ರತಿಯೊಬ್ಬರಿಗೂ ಒಂದೊಂದು ಓವರ್‌ಲೇ ಫೈಲ್ ಮಾಡಿಕೊಡಲಿ. ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೀಚಿದ ಹಾಗೆ ಇದು. ಕೆಳಗಿನ ನಕ್ಷೆ ಹಾಗೇ ಇರುತ್ತದೆ, ಗೀಚಿದ್ದೆಲ್ಲ ಮೇಲಿನ ಹಾಳೆಯಲ್ಲಿ. ಹೊಸ ಓವರ್‌ಲೇ ಫೈಲ್ ತಿನ್ನುವುದು ಸುಮಾರು 200 ಕೆಬಿ ಮಾತ್ರ. ಹುಡುಗ ಕೆಲಸ ಮಾಡಿದಂತೆಲ್ಲ ಅವನು ಬದಲಿಸಿದ್ದಷ್ಟೇ ಅದರಲ್ಲಿ ಸೇರುತ್ತದೆ. ತಲಾ 2 ಜಿಬಿ ಹಿಡಿದರೂ ಬೇಸ್ ಸೇರಿ 24 ಜಿಬಿ. 72 ಎಲ್ಲಿ, 24 ಎಲ್ಲಿ! ಯಾರಾದರೂ ಉಬುಂಟು ಕೆಡಿಸಿಕೊಂಡರೆ ಆ ಓವರ್‌ಲೇ ತೆಗೆದು ಹೊಸದು ಮಾಡಿದರಾಯಿತು, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಲ್ಯಾಬ್ ಮತ್ತೆ ಸಿದ್ಧ. ಮರು ಇನ್‌ಸ್ಟಾಲ್ ಎಂಬ ಮಾತೇ ಇಲ್ಲ.

ಇದರಲ್ಲಿ ಎರಡು ಎಚ್ಚರಿಕೆ ಇವೆ, ಅವನ್ನು ಹೇಳದೆ ಕಮಾಂಡ್ ಮಾತ್ರ ಹೇಳಿಕೊಟ್ಟರೆ ಅನಾಹುತ ಆಗುತ್ತದೆ. ಓವರ್‌ಲೇ ಮಾಡಿದ ಮೇಲೆ ಬೇಸ್ ಫೈಲನ್ನು ಯಾರೂ ಬೂಟ್ ಮಾಡಿ ಬದಲಿಸಬಾರದು. ಬದಲಿಸಿದರೆ ಅದರ ಮೇಲಿನ ಆರೂ ಓವರ್‌ಲೇಗಳು ಕೆಡುತ್ತವೆ. ಅದಕ್ಕೇ ಬೇಸ್ ಫೈಲಿಗೆ ಬರೆಯುವ ಅನುಮತಿಯನ್ನೇ ತೆಗೆದುಬಿಡಬೇಕು. ಎರಡನೆಯದು, ಓವರ್‌ಲೇ ಒಳಗೆ ಬೇಸ್ ಫೈಲಿನ ದಾರಿ ಬರೆದಿರುತ್ತದೆ. ಬೇಸ್ ಅನ್ನು ಬೇರೆ ಫೋಲ್ಡರ್‌ಗೆ ಹಾಕಿದರೆ, ಹೆಸರು ಬದಲಿಸಿದರೆ, ಮಷಿನ್ ಏಳುವುದಿಲ್ಲ. ಗಾಬರಿ ಬೀಳಬೇಕಾಗಿಲ್ಲ, ಕ್ಯೂಎಮು-ಐಎಂಜಿ ರೀಬೇಸ್‌ಗೆ ಸಣ್ಣಕ್ಷರದ ಯು ಆಯ್ಕೆ ಕೊಟ್ಟು ಹೊಸ ದಾರಿ ತಿಳಿಸಬಹುದು. ಆದರೆ ಅದು ನೀವು ಹೇಳಿದ್ದನ್ನು ನಂಬುತ್ತದೆ, ಒಳಗಿನ ಸರಕು ಅದೇನಾ ಎಂದು ಪರೀಕ್ಷೆ ಮಾಡುವುದಿಲ್ಲ. ಅದೇ ಬೇಸ್ ಫೈಲ್ ಎಂದು ಖಾತ್ರಿ ಇದ್ದರೆ ಮಾತ್ರ ಬಳಸಿ. ವರ್ಚುವಲ್‌ಬಾಕ್ಸ್ ಬಿಡಲು ಇಷ್ಟ ಇಲ್ಲದ ಕಡೆ ಇದೇ ಕೆಲಸಕ್ಕೆ ಡಿಸ್ಕನ್ನು ಮಲ್ಟಿಅಟ್ಯಾಚ್ ಎಂಬ ಬಗೆಗೆ ಬದಲಿಸುವ ಆಯ್ಕೆ ಅದೇ ಮಾಡಿಫೈಮೀಡಿಯಂನಲ್ಲಿ ಇದೆ.

ಇನ್ನು ಸ್ನ್ಯಾಪ್‌ಶಾಟ್, ಅಂದರೆ ಬೇಕಾದಾಗ ಹಿಂದಿರುಗಲು ಮಷಿನ್‌ನ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಡುವುದು. ಮಕ್ಕಳ ಪ್ರಾಜೆಕ್ಟ್ ಜಾಸ್ತಿ ಹಾಳಾಗುವುದು ಇಲ್ಲೇ. ವರ್ಚುವಲ್‌ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದರೆ ಅಲ್ಲಿಂದ ಮುಂದಿನ ಬದಲಾವಣೆಗಳು ಸ್ನ್ಯಾಪ್‌ಶಾಟ್ಸ್ ಎಂಬ ಫೋಲ್ಡರ್‌ನಲ್ಲಿ ಇನ್ನೊಂದು ಫೈಲಿಗೆ ಹೋಗುತ್ತವೆ. ಆ ಫೈಲಿನ ಹೆಸರು ಉದ್ದನೆಯ ಅಂಕಿ ಅಕ್ಷರಗಳ ಸಾಲು, ನೋಡಿದರೆ ಯಾವುದೋ ಕಸ ಇರಬೇಕು ಅನ್ನಿಸುತ್ತದೆ. ಡಿಸ್ಕ್ ತುಂಬಿದಾಗ ಲ್ಯಾಬ್‌ನವರು ಮೊದಲು ಅಳಿಸುವುದೇ ಅದನ್ನು. ಆ ಕ್ಷಣಕ್ಕೆ ಜಾಗ ಬರುತ್ತದೆ, ಜೊತೆಗೆ ತಿಂಗಳುಗಟ್ಟಲೆ ಮಾಡಿದ ಕೆಲಸವೂ ಹೋಗುತ್ತದೆ. ಸ್ನ್ಯಾಪ್‌ಶಾಟ್ ಬೇಡ ಎಂದಾದರೆ ವರ್ಚುವಲ್‌ಬಾಕ್ಸ್ ಮೂಲಕವೇ ತೆಗೆಯಬೇಕು. ಆಗ ಅದು ಎರಡು ಫೈಲುಗಳನ್ನು ಸೇರಿಸಿ ಒಂದು ಮಾಡುತ್ತದೆ. ಹಾಗೆ ಸೇರಿಸುವಾಗ ಸ್ವಲ್ಪ ಹೊತ್ತು ಹೆಚ್ಚಿನ ಜಾಗ ಬೇಕಾಗಬಹುದು, ಹಾಗಾಗಿ ಡಿಸ್ಕ್ ಪೂರ್ತಿ ತುಂಬುವವರೆಗೆ ಕಾಯಬಾರದು. ಕ್ಯೂಕೌ2ನಲ್ಲಿ ಸ್ನ್ಯಾಪ್‌ಶಾಟ್‌ಗಳನ್ನು ಅದೇ ಫೈಲಿನೊಳಗೂ ಇಡಬಹುದು, ಕ್ಯೂಎಮು-ಐಎಂಜಿ ಸ್ನ್ಯಾಪ್‌ಶಾಟ್‌ಗೆ ಸಣ್ಣಕ್ಷರದ ಎಲ್ ಕೊಟ್ಟರೆ ಪಟ್ಟಿ ಬರುತ್ತದೆ. ಅಂಥ ಫೈಲನ್ನು ಸುಮ್ನೆ ಕನ್ವರ್ಟ್ ಮಾಡಿದರೆ ಹೊಸ ಫೈಲಿಗೆ ಈಗಿನ ಸ್ಥಿತಿ ಮಾತ್ರ ಬರುತ್ತದೆ, ಹಳೇ ಸ್ನ್ಯಾಪ್‌ಶಾಟ್‌ಗಳು ಬರುವುದಿಲ್ಲ. ಇದು ಗೊತ್ತಿಲ್ಲದೆ ಹಳೇ ಫೈಲ್ ಅಳಿಸಬೇಡಿ.

ಡಿಸ್ಕ್ ದೊಡ್ಡದು ಮಾಡುವುದು ಸುಲಭ. ಕ್ಯೂಎಮು-ಐಎಂಜಿ ರೀಸೈಜ್, ಫೈಲಿನ ಹೆಸರು, ಪ್ಲಸ್ 10ಜಿ. ಆಮೇಲೆ ಉಬುಂಟುವಿನೊಳಗೆ ಪಾರ್ಟಿಷನ್ (ಡಿಸ್ಕ್‌ನಲ್ಲಿ ಗುರುತಿಸಿಟ್ಟ ಭಾಗ) ಹಿಗ್ಗಿಸಿ, ಫೈಲ್ ಸಿಸ್ಟಮನ್ನೂ ಹಿಗ್ಗಿಸುವ ರೀಸೈಜ್2ಎಫ್‌ಎಸ್ ಕಮಾಂಡ್ ಓಡಿಸಬೇಕು, ಇಲ್ಲದಿದ್ದರೆ ಹೆಚ್ಚಿದ ಜಾಗ ಒಳಗೆ ಕಾಣುವುದಿಲ್ಲ. ಚಿಕ್ಕದು ಮಾಡುವುದಾದರೆ ಈ ಕ್ರಮ ತಿರುವುಮುರುವು, ಮೊದಲು ಒಳಗಿನದು, ಆಮೇಲೆ ಹೊರಗಿನದು. ತಪ್ಪಿದರೆ ಡೇಟಾ ಕತ್ತರಿಸಿ ಹೋಗುತ್ತದೆ. ಅದಕ್ಕೇ ಕ್ಯೂಎಮು-ಐಎಂಜಿ 'ಶ್ರಿಂಕ್' ಎಂದು ಬಿಡಿಸಿ ಹೇಳದ ಹೊರತು ಕುಗ್ಗಿಸಲು ಒಪ್ಪುವುದೇ ಇಲ್ಲ. ಮತ್ತೆ, ಮಷಿನ್ ಓಡುತ್ತಿರುವಾಗ ಅದರ ಫೈಲಿನ ಮೇಲೆ ಇಂಥ ಯಾವ ಕಮಾಂಡನ್ನೂ ಓಡಿಸಬಾರದು. ಕ್ಯೂಎಮು 2.10ರಿಂದ ಈಚೆಗೆ ಫೈಲಿಗೆ ಬೀಗ ಹಾಕುವ ಏರ್ಪಾಡು ಇದೆ, 'ಲಾಕ್ ಸಿಗಲಿಲ್ಲ' ಎಂದು ಬಂದರೆ ಅದನ್ನು ದಾಟಿಕೊಂಡು ಹೋಗುವ ದಾರಿ ಹುಡುಕಬೇಡಿ, ಮಷಿನ್ ಬಂದ್ ಮಾಡಿ.

ನಮ್ಮ ಕಡೆಯ ಎರಡು ಸಂಗತಿ ಇಲ್ಲಿ ಸೇರಿಸಲೇಬೇಕು. ಮೊದಲನೆಯದು ಕರೆಂಟ್. ಯುಪಿಎಸ್ ಬ್ಯಾಟರಿ ಸತ್ತಿರುವ ಲ್ಯಾಬ್‌ನಲ್ಲಿ ಕರೆಂಟ್ ಹೋದರೆ ಕ್ಯೂಕೌ2 ಫೈಲಿನ ಒಳಗಿನ ಲೆಕ್ಕ ತಪ್ಪಬಹುದು. ಕ್ಯೂಎಮು-ಐಎಂಜಿ ಚೆಕ್ ಓಡಿಸಿದರೆ ಏನಾಗಿದೆ ಎಂದು ಹೇಳುತ್ತದೆ. ಬರೀ 'ಲೀಕ್' ಎಂದು ತೋರಿಸಿದರೆ ಸ್ವಲ್ಪ ಜಾಗ ಪೋಲಾಗಿದೆ ಅಷ್ಟೇ, ಡೇಟಾಗೆ ತೊಂದರೆ ಇಲ್ಲ, ಅದನ್ನು ಅಲ್ಲೇ ಸರಿ ಮಾಡಿಸಬಹುದು. 'ಕರಪ್ಷನ್' ಎಂದು ತೋರಿಸಿದರೆ ಮೊದಲು ಆ ಫೈಲಿನ ಒಂದು ನಕಲು ತೆಗೆದಿಡಿ, ಆಮೇಲೆ ರಿಪೇರಿಗೆ ಕೈ ಹಾಕಿ.

ಎರಡನೆಯದು ನೆಟ್. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಹಳ್ಳಿಗಳಿಂದ ಬಂದು ಓದುವ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಮೊಬೈಲ್ ನೆಟ್ ಬಿಟ್ಟರೆ ಬೇರೆ ಇಲ್ಲ. ದಿನದ ಡೇಟಾ 1.5 ಜಿಬಿ ಇರುವ ಹುಡುಗಿ 5 ಜಿಬಿಯ ಉಬುಂಟು ಇಳಿಸಿಕೊಳ್ಳುವುದು ಹೇಗೆ? ಅವಳಿಗೆ ಲ್ಯಾಬ್‌ನ ಮಷಿನ್ನೇ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕಳಿಸಬಹುದು. ಅವಳ ಓವರ್‌ಲೇ ಫೈಲನ್ನು ಕ್ಯೂಎಮು-ಐಎಂಜಿ ಕನ್ವರ್ಟ್‌ಗೆ ಕೊಟ್ಟರೆ ಬೇಸ್ ಮತ್ತು ಓವರ್‌ಲೇ ಎರಡೂ ಸೇರಿ ಒಂದೇ ಸ್ವತಂತ್ರ ಫೈಲ್ ಆಗುತ್ತದೆ, ಸಣ್ಣಕ್ಷರದ ಸಿ ಆಯ್ಕೆ ಸೇರಿಸಿದರೆ ಒತ್ತಿ ಚಿಕ್ಕದಾಗಿಯೂ ಬರುತ್ತದೆ. ಮನೆಯಲ್ಲಿ ವರ್ಚುವಲ್‌ಬಾಕ್ಸ್ ಇದ್ದರೆ ವಿಡಿಐ ಆಗಿಯೇ ಮಾಡಿಕೊಡಬಹುದು, ಅದಕ್ಕೆ ಒತ್ತುವ ಆಯ್ಕೆ ಮಾತ್ರ ಇಲ್ಲ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೇ ಫಾರ್ಮ್ಯಾಟ್‌ನಲ್ಲಿ ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹೋಗುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ಪೆನ್‌ಡ್ರೈವ್ ಹಾಳಾಗಿದೆ ಎಂದು ನನ್ನಲ್ಲಿಗೆ ತರುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ ಆಗಿರುತ್ತದೆ.

ಇದೆಲ್ಲ ಮೌಸ್‌ನಲ್ಲೂ ಆಗುತ್ತದಲ್ಲ, ಕಮಾಂಡ್ ಯಾಕೆ ಎಂದು ಒಬ್ಬ ಉಪನ್ಯಾಸಕರು ನನ್ನನ್ನು ಕೇಳಿದ್ದರು. ಕೆಲವು ಆಗುತ್ತವೆ, ನಿಜ. ವರ್ಚುವಲ್‌ಬಾಕ್ಸ್‌ನಲ್ಲಿ ಡಿಸ್ಕ್‌ಗಳನ್ನೆಲ್ಲ ಕಿಟಕಿಯಲ್ಲೇ ನೋಡಬಹುದು, ದೊಡ್ಡದು ಮಾಡಬಹುದು, ಒಂದೇ ಕಂಪ್ಯೂಟರ್ ಇದ್ದರೆ ಅದೇ ಸಾಕು. ಆದರೆ ಲ್ಯಾಬ್‌ನಲ್ಲಿ 60 ಕಂಪ್ಯೂಟರ್ ಇದ್ದರೆ? ಒಂದೊಂದರ ಮುಂದೆಯೂ ಕೂತು ಕ್ಲಿಕ್ ಮಾಡುತ್ತಾ ಹೋದರೆ ವಾರ ಹಿಡಿಯುತ್ತದೆ, ನಡುವೆ ಒಂದೆರಡು ಕಡೆ ಕೈತಪ್ಪುವುದೂ ಇದ್ದದ್ದೇ. ಕಮಾಂಡ್ ಆದರೆ ಒಂದು ಸಣ್ಣ ಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟು, ದೂರದ ಕಂಪ್ಯೂಟರ್‌ಗೆ ನೆಟ್‌ವರ್ಕ್‌ನಲ್ಲಿ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಮೂಲಕ ಎಲ್ಲಕ್ಕೂ ಒಂದೇ ಕಡೆಯಿಂದ ಕಳಿಸಬಹುದು. ಏನು ಮಾಡಿದೆವು ಎಂಬುದಕ್ಕೆ ಬರಹದಲ್ಲಿ ದಾಖಲೆ ಇರುತ್ತದೆ, ಮುಂದಿನ ವರ್ಷ ಬೇರೆಯವರು ಬಂದರೂ ಅದನ್ನೇ ಓಡಿಸಬಹುದು. ನಾಳೆ ಈ ಮಕ್ಕಳು ಬೆಂಗಳೂರಿಗೆ ಹೋಗಿ ಕ್ಲೌಡ್ ಕೆಲಸಕ್ಕೆ ಸೇರಿದರೆ ಅಲ್ಲಿನ ಸರ್ವರ್‌ಗಳಲ್ಲಿ ಕಿಟಕಿಯೂ ಇರುವುದಿಲ್ಲ ಮೌಸೂ ಇರುವುದಿಲ್ಲ. ಉಬುಂಟುವಿನವರು ಕ್ಲೌಡ್‌ಗೆಂದು ಬಿಡುಗಡೆ ಮಾಡುವ ಇಮೇಜ್‌ಗಳು ಕ್ಯೂಕೌ2ನಲ್ಲೂ ಬರುತ್ತವೆ. ಇಲ್ಲಿ ಕಲಿಯದಿದ್ದರೆ ಅಲ್ಲಿ ದುಡ್ಡು ಕೊಟ್ಟು ಕೋರ್ಸ್ ಸೇರಿ ಇದನ್ನೇ ಕಲಿಯಬೇಕಾಗುತ್ತದೆ.

1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಕಂಡ ಊರು ದಾವಣಗೆರೆ. ಇಲ್ಲಿ ಓದಿದವರು ಜಗತ್ತಿನ ಎಲ್ಲ ಕಡೆ ಕೆಲಸ ಮಾಡುತ್ತಿದ್ದಾರೆ. ಇಂಥ ಊರಿನ ಲ್ಯಾಬ್‌ನಲ್ಲಿ ಗೊತ್ತಿಲ್ಲದೆ ಒಂದು ಫೈಲ್ ಅಳಿಸಿ ಹುಡುಗಿಯ ವರ್ಷದ ಕೆಲಸ ಹೋಗುವುದು ನನಗೆ ಸಹಿಸಲು ಆಗುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗಂತೂ ಈ ಕಮಾಂಡ್‌ಗಳ ವಿವರಣೆ ಇಂಗ್ಲಿಷ್ ಪುಟಗಳಲ್ಲಿ ಮಾತ್ರ ಸಿಗುತ್ತದೆ. ಅವರು ದಡ್ಡರಲ್ಲ. ಒಂದು ಸಲ ಕನ್ನಡದಲ್ಲಿ ಕೂರಿಸಿಕೊಂಡು ಹೇಳಿದರೆ ನನಗಿಂತ ಬೇಗ ಹಿಡಿದುಕೊಳ್ಳುತ್ತಾರೆ, ನನ್ನ ಅಂಗಡಿಯಲ್ಲೇ ನೋಡಿದ್ದೇನೆ.

ಹಾಗಾಗಿ ನಮ್ಮ ಎರಡೂ ಜಿಲ್ಲೆಯ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಎಸ್‌ಎಸ್‌ಡಿಗೆ ಕೊಟೇಶನ್ ಕರೆಯುವ ಮೊದಲು ಒಂದು ಕಂಪ್ಯೂಟರ್‌ನಲ್ಲಿ ಇರುವ ಎಲ್ಲ ಇಮೇಜ್ ಫೈಲುಗಳ ಮೇಲೆ ಕ್ಯೂಎಮು-ಐಎಂಜಿ ಇನ್ಫೋ ಓಡಿಸಿ, ಯಾವುದು ಎಷ್ಟು ತಿಂದಿದೆ ನೋಡಿ, ಯಾರದ್ದು ಎಂದು ಕೇಳಿ, ಅಳಿಸುವ ಮುನ್ನ ಆ ವಿದ್ಯಾರ್ಥಿಗೆ ತಿಳಿಸಿ. ಸೆಮಿಸ್ಟರ್‌ನ ಮೊದಲ ಲ್ಯಾಬ್ ಅವಧಿಯನ್ನು ಪೂರ್ತಿಯಾಗಿ ಇದಕ್ಕೇ ಕೊಡಿ. ಸಿಲಬಸ್‌ನಲ್ಲಿ ಇಲ್ಲ ಎಂದು ಬಿಡಬೇಡಿ, ಸಿಲಬಸ್‌ನಲ್ಲಿರುವ ಎಲ್ಲ ಪ್ರೋಗ್ರಾಂಗಳೂ ಈ ಫೈಲುಗಳ ಒಳಗೇ ಇರುವುದು. ಸಂಪಾದಕರಲ್ಲೂ ಒಂದು ವಿನಂತಿ. ನಿಮ್ಮ ಶಿಕ್ಷಣ ಪುಟದಲ್ಲಿ ಪರೀಕ್ಷೆ, ಪ್ರವೇಶದ ಸುದ್ದಿ ಜೊತೆಗೆ ಇಂಥ ಕೈಕೆಲಸದ ವಿಷಯಗಳಿಗೂ ಆಗಾಗ ಜಾಗ ಕೊಡಿ.

ಮೇಲೆ ಹೇಳಿದ ಕಮಾಂಡ್‌ಗಳನ್ನೆಲ್ಲ ಒಂದೇ ಹಾಳೆಯಲ್ಲಿ, ಯಾವುದು ಯಾಕೆ, ಯಾವುದನ್ನು ಯಾವಾಗ ಮಾಡಬಾರದು ಎಂದು ಕನ್ನಡದಲ್ಲಿ ಬರೆದು ಇಟ್ಟಿದ್ದೇನೆ. ಯಾವ ಕಾಲೇಜಿನವರು ಕೇಳಿದರೂ ಕೊಡುತ್ತೇನೆ, ಬಂದು ಹೇಳಿಕೊಡಿ ಎಂದರೆ ಭಾನುವಾರ ಬಿಡುವು ಮಾಡಿಕೊಂಡು ಬರುತ್ತೇನೆ. ದುಡ್ಡು ಬೇಡ. ಪತ್ರಿಕೆಯ ಕಚೇರಿಯಲ್ಲಿ ನನ್ನ ವಿಳಾಸ ಇದೆ.

ಇಂತಿ,
ಕಂಪ್ಯೂಟರ್ ಸರ್ವಿಸ್ ಮಾಡುವ ಒಬ್ಬ ಓದುಗ
ದಾವಣಗೆರೆ